ಹೋರಾಟದ ಹಾಡು: ಕೋಪವೋ, ತಾಳ್ಮೆಯೋ?

ಘೋಷಣೆಗೆ ರಾಗ ಕೂಡಿಸಿದ ಮಾತ್ರಕ್ಕೆ ಅದು ಹಾಡಾಗುವುದಿಲ್ಲವೆಂಬ ಮಾತು ನಮ್ಮ ಸಾಹಿತ್ಯಾಸಕ್ತರಲ್ಲಿ ಬಹುಕಾಲದಿಂದ ಚಲಾವಣೆಯಲ್ಲಿದೆ. ಹಾಡೇ ಸಮಾಜವನ್ನು ಬದಲಿಸಿತೆಂದು ಹೆಮ್ಮೆಪಡುವವರೂ ನಮ್ಮಲ್ಲಿ ಇದ್ದಾರೆ. ಮೊದಲಿನವರು ಹೋರಾಟದ ಹಾಡನ್ನು ಕವನಸಂಕಲನದಂತೆ ಪುಟದ ಮೇಲೆ ಓದಿ, ಪ್ರತಿಮೆಯಿಲ್ಲ, ಧ್ವನಿಯಿಲ್ಲ, ಎಲ್ಲವೂ ವಾಚ್ಯವೆಂದು ಬದಿಗಿಡುತ್ತಾರೆ. ಎರಡನೆಯವರು ಅದನ್ನು ಸಭೆಯಲ್ಲಿ ಕೇಳಿ, ಮೈಯಲ್ಲಿ ಮೂಡಿದ ರೋಮಾಂಚವನ್ನೇ ಕ್ರಾಂತಿಯೆಂದು ತಿಳಿದು ಮನೆಗೆ ಹೋಗುತ್ತಾರೆ. ನಾನು ಬಹಳ ವರ್ಷ ಮೊದಲನೆಯ ಗುಂಪಿನಲ್ಲಿದ್ದವನು. ಇಂಥ ಹಾಡುಗಳ ಸಣ್ಣ ಪುಸ್ತಕವೊಂದನ್ನು ಕುರಿತು ಬರೆಯುವಾಗ, ಇವು ಕೂಗಿದರೆ ಕೇಳಿಸುತ್ತವೆ, ಓದಿದರೆ ಕೇಳಿಸುವುದಿಲ್ಲವೆಂದು ಬರೆದದ್ದುಂಟು. ಆ ವಾಕ್ಯದ ಬಗೆಗೆ ಆಗ ನನಗೆ ಸಂತೋಷವೂ ಆಗಿತ್ತು. ಅದನ್ನು ಇಂದು ಹಿಂದಕ್ಕೆ ತೆಗೆದುಕೊಳ್ಳಬೇಕಾಗಿದೆ. ಹಾಗೆಂದು ಎರಡನೆಯ ಗುಂಪಿಗೆ ಸೇರಿಕೊಳ್ಳುವ ಇಚ್ಛೆಯೂ ನನಗಿಲ್ಲ.

ನನ್ನ ಅಭಿಪ್ರಾಯ ಅಲುಗಾಡಿದುದು ಮಾನ್ವಿಯಲ್ಲಿ. ಜಗನ್ನಾಥದಾಸರ ಸನ್ನಿಧಿಯನ್ನು ನೋಡಿ ಬರಬೇಕೆಂದು ರಾಯಚೂರಿನಿಂದ ಬೆಳಗಿನ ಬಸ್ಸು ಹಿಡಿದು ಹೋದವನಿಗೆ, ಹಿಂದಿರುಗುವಾಗ ಕೂಲಿಕಾರ ಹೆಂಗಸರ ಧರಣಿಯೊಂದು ಕಣ್ಣಿಗೆ ಬಿತ್ತು. ಬೇಡಿಕೆ ದೊಡ್ಡದೇನಲ್ಲ, ಮಾಡಿದ ಕೆಲಸದ ಬಾಕಿ ಕೂಲಿ. ಬಿಸಿಲು ಏರಿತ್ತು. ಮುಂದಾಳುಗಳು ಒಬ್ಬರಾದ ಮೇಲೊಬ್ಬರು ಮಾತನಾಡಿದರು. ಹೆಂಗಸರು ಸೆರಗನ್ನು ತಲೆಯ ಮೇಲೆ ಹೊದ್ದು ನೆಲವನ್ನು ನೋಡುತ್ತ ಕುಳಿತಿದ್ದರು. ಮಾತು ಮುಗಿದ ಮೇಲೆ ಹುಡುಗನೊಬ್ಬ ಹಲಗಿಯನ್ನೆತ್ತಿಕೊಂಡ. ಗುಂಪಿನಲ್ಲಿ ಒಬ್ಬಳು ಪಲ್ಲವಿಯನ್ನು ಎತ್ತಿದಳು. ಅದುವರೆಗೆ ನೆಲ ನೋಡುತ್ತಿದ್ದ ಮುಖಗಳು ಮೇಲೆದ್ದುವು. ಪಲ್ಲವಿ ತಿರುಗಿ ಬಂದಾಗ ಅದನ್ನು ಹೇಳದ ಬಾಯಿ ಅಲ್ಲಿ ಒಂದೂ ಇರಲಿಲ್ಲ. ನನ್ನ ಹತ್ತಿರ ಕುಳಿತಿದ್ದ ಮುದುಕಿಯನ್ನು ನಾನು, 'ಅವ್ವಾ, ಅಷ್ಟು ಹೊತ್ತು ಭಾಷಣ ಆಯಿತು, ಯಾರೂ ತಲೆ ಎತ್ತಲಿಲ್ಲವಲ್ಲ' ಎಂದು ಕೇಳಿದೆ. ಆಕೆ, 'ಭಾಷಣ ಮಾಡಾವ್ರು ಸಂಜೀಕ ಹೊಕ್ಕಾರ ತಮ್ಮಾ. ಹಾಡು ನಮ್ಮ ಕೂಡ ಹೊಲಕ್ಕ ಬರ್ತೈತಿ' ಎಂದಳು.

ಅಲ್ಲಿ ಮಾರುತ್ತಿದ್ದ ಹಾಡಿನ ಪುಸ್ತಕವನ್ನು ಕೊಂಡು ತಂದು ಮನೆಯಲ್ಲಿ ಓದಿದೆ. ಆ ಹಾಡು ಪುಟದ ಮೇಲೆ ಮೊದಲಿನಂತೆಯೇ ಬಡವಾಗಿ ಕಂಡಿತು. ಆದರೆ ಈ ಸಲ ಬಡತನ ಹಾಡಿನದೋ, ನನ್ನ ಅಳತೆಗೋಲಿನದೋ ಎಂಬ ಸಂದೇಹ ಹುಟ್ಟಿತು. ಮುದುಕಿ ಹೇಳಿದ ಮಾತಿನಲ್ಲಿ ಒಂದು ವಿಮರ್ಶೆಯ ಸೂತ್ರವೇ ಇದೆ. ಹಾಡು ಸಭೆಯಲ್ಲಿ ಎಷ್ಟು ಕಾವು ಹುಟ್ಟಿಸಿತು ಎಂಬುದಕ್ಕಿಂತ, ಸಭೆ ಮುಗಿದ ಮೇಲೆ ಅದು ಎಲ್ಲಿಗೆ ಹೋಯಿತು, ಯಾರ ಜತೆ ಹೋಯಿತು, ಎಷ್ಟು ದಿನ ಉಳಿಯಿತು ಎಂಬುದನ್ನು ಆಕೆ ನೋಡುತ್ತಾಳೆ. ಈ ಸೂತ್ರವನ್ನು ಹಿಡಿದು ರಾಯಚೂರು ಸೀಮೆಯ ಹಾಡಿನ ಚರಿತ್ರೆಯನ್ನು ತುಸು ನೋಡಬಹುದು.

ಕೃಷ್ಣೆ ತುಂಗಭದ್ರೆಯರ ನಡುವಿನ ಈ ನೆಲ ಹಾಡಿಗೆ ಹೊಸದಲ್ಲ. ವಿಜಯದಾಸರು ಮಾನ್ವಿ ಸೀಮೆಯ ಚೀಕಲಪರವಿಯವರು; ಗೋಪಾಲದಾಸರು ದೇವದುರ್ಗದ ಮೊಸರಕಲ್ಲಿನವರು; ಜಗನ್ನಾಥದಾಸರು ಬ್ಯಾಗವಾಟದಲ್ಲಿ ಹುಟ್ಟಿ ಮಾನ್ವಿಯಲ್ಲಿ ನೆಲೆಸಿದವರು. ಹದಿನೆಂಟನೆಯ ಶತಮಾನದಲ್ಲಿ ದಾಸಸಾಹಿತ್ಯದ ಎರಡನೆಯ ಹುಲುಸು ಬೆಳೆ ಬಂದುದು ಈ ಕೆಲವೇ ಹರದಾರಿಗಳ ಒಳಗೆ. ಜಗನ್ನಾಥದಾಸರನ್ನು ಕುರಿತು ಸಂಪ್ರದಾಯದಲ್ಲಿ ಒಂದು ಕಥೆಯಿದೆ. ಅವರು ಮೊದಲು ಶ್ರೀನಿವಾಸಾಚಾರ್ಯರೆಂಬ ಸಂಸ್ಕೃತ ಪಂಡಿತರು, ವಿಜಯದಾಸರ ಕನ್ನಡ ಪದಗಳನ್ನು ಲಘುವಾಗಿ ಕಂಡರು, ಹೊಟ್ಟೆಶೂಲೆ ಹತ್ತಿತು, ಕಡೆಗೆ ಗೋಪಾಲದಾಸರ ಕರುಣೆಯಿಂದ ಗುಣವಾಗಿ ತಾವೇ ದಾಸರಾದರು, 'ಹರಿಕಥಾಮೃತಸಾರ'ವನ್ನು ಕನ್ನಡದಲ್ಲಿ ಬರೆದರು. ಕಥೆಯ ಪವಾಡವನ್ನು ನಂಬುವುದು ಬಿಡುವುದು ಅವರವರಿಗೆ ಬಿಟ್ಟದ್ದು. ನನ್ನ ಮಟ್ಟಿಗೆ ಅದು ವಿಮರ್ಶಕರಿಗೆ ಹೇಳಿದ ಬುದ್ಧಿವಾದ. ಬೀದಿಯ ಹಾಡನ್ನು ಪಾಂಡಿತ್ಯದ ತಕ್ಕಡಿಯಲ್ಲಿ ತೂಗಿ ಹಗುರವೆಂದವನಿಗೆ ಹೊಟ್ಟೆ ನೋಯುತ್ತದೆಂಬುದನ್ನು ಈ ಸೀಮೆಯವರು ಎರಡು ಶತಮಾನಕ್ಕೂ ಮೊದಲೇ ಹೇಳಿಟ್ಟಿದ್ದಾರೆ.

ದಾಸರ ಪದಗಳಲ್ಲಿ ದೂರು ಇಲ್ಲದೆ ಇಲ್ಲ. ದೇವರನ್ನು ಗದರಿಸುವ, ಹಂಗಿಸುವ, ಲೆಕ್ಕ ಕೇಳುವ ಪದಗಳುಂಟು. ಆದರೆ ಆ ದೂರಿನ ಮುಖ ಮೇಲಕ್ಕಿದೆ. ಕೇಳುವವನು ಒಬ್ಬ, ಕೊಡುವವನು ಒಬ್ಬ, ಕಡೆಯಲ್ಲಿ ಅಂಕಿತ. ಇವುಗಳನ್ನು ಪ್ರತಿಭಟನೆಯ ಹಾಡುಗಳೆಂದು ಕರೆದರೆ ಮಾತನ್ನು ಎಳೆದಂತಾಗುತ್ತದೆ. ದಾಸರ ಪದ ನಡೆದುದು ಊರೊಳಗಿನ ಬೀದಿಯಲ್ಲಿ. ಊರ ಹೊರಗಿನ ಕೇರಿಗೆ ಅದು ಎಷ್ಟುಮಟ್ಟಿಗೆ ಹೋಯಿತೆಂಬುದು ಬೇರೆಯೇ ಪ್ರಶ್ನೆ. ಹಾಗಿದ್ದರೂ ಒಂದು ಉಪಕಾರವನ್ನು ಮರೆಯುವಂತಿಲ್ಲ. ಒಬ್ಬರು ಸಾಲನ್ನು ಎತ್ತಿಕೊಡುವುದು, ಉಳಿದವರೆಲ್ಲ ಅದನ್ನು ಹಿಂಬಾಲಿಸಿ ಹೇಳುವುದು, ಪಲ್ಲವಿಗೆ ಮರಳಿ ಮರಳಿ ಬರುವುದು, ತಾಳ ಬಲ್ಲವನು ತಾಳ ಹಿಡಿದು ಅರಿಯದವನು ಚಪ್ಪಾಳೆಯಲ್ಲಿ ಸೇರುವುದು ಎಂಬ ಭಜನೆಯ ಈ ಕಟ್ಟು ಈ ಭಾಗದ ಹಳ್ಳಿಹಳ್ಳಿಯಲ್ಲಿ ರೂಢಿಯಾಗಿತ್ತು. ತತ್ತ್ವಪದಗಳ ಏಕತಾರಿಯ ಗುಂಪುಗಳು ಅದನ್ನು ಕೇರಿಗಳಿಗೂ ಒಯ್ದುವು. ಮೊಹರಂ ಬಂತೆಂದರೆ ಹಿಂದೂ ಮುಸಲ್ಮಾನರು ಕೂಡಿ ಅಲಾಯಿಯ ಸುತ್ತ ಹೆಜ್ಜೆ ಹಾಕಿ, ಕರ್ಬಲೆಯ ಕಥೆಯನ್ನು ರಿವಾಯತ್ ಪದಗಳಾಗಿ ಹಾಡುತ್ತಾರೆ. ಮುದಗಲ್ಲಿನ ಮೊಹರಂ ಇದಕ್ಕೆ ಹೆಸರಾದುದು. ಅಧಿಕಾರಕ್ಕೆ ತಲೆಬಾಗದೆ ಮಡಿದವರ ಕಥೆಯನ್ನು ಇಲ್ಲಿಯ ಒಕ್ಕಲಿಗನೂ ಕೂಲಿಕಾರನೂ ವರ್ಷಕ್ಕೊಮ್ಮೆ ಕನ್ನಡದಲ್ಲಿ ಹಾಡುತ್ತ ಬಂದಿದ್ದಾರೆ. ಹೋರಾಟದ ಹಾಡು ಇಲ್ಲಿಗೆ ಬಂದಾಗ ಅದಕ್ಕೆ ಬೇಕಾದ ಕೊರಳುಗಳು ಆಗಲೇ ತಯಾರಾಗಿದ್ದುವು.

ಕೊರಳಿನ ಜತೆಗೆ ವಾದ್ಯದ ಮಾತನ್ನೂ ಹೇಳಬೇಕು. ದಕ್ಷಿಣದವರು ತಮಟೆಯೆನ್ನುವುದನ್ನು ಇಲ್ಲಿ ಹಲಗಿ ಎನ್ನುತ್ತಾರೆ. ಬಳೆಯಾಕಾರದ ಕಟ್ಟಿಗೆ ತೊಗಲನ್ನು ಬಿಗಿದದ್ದು. ತಣ್ಣಗಾದರೆ ತೊಗಲು ಸಡಿಲುತ್ತದೆ. ಹುಲ್ಲಿನ ಬೆಂಕಿಗೆ ಹಿಡಿದು ಮತ್ತೆ ಮತ್ತೆ ಕಾಯಿಸಬೇಕು. ಡಂಗುರಕ್ಕೆ, ಜಾತ್ರೆಗೆ, ಹೆಣದ ಮುಂದೆ ಅದನ್ನು ಬಡಿಯುವುದು ಮಾದಿಗರ ಕೇರಿಯ ಬಿಟ್ಟಿ ಚಾಕರಿಯಾಗಿತ್ತು. ಒಲ್ಲೆವೆಂದರೆ ಊರಿನ ಬಹಿಷ್ಕಾರ. 1970ರ ದಶಕದಲ್ಲಿ ದಲಿತ ಸಂಘರ್ಷ ಸಮಿತಿ ಕರ್ನಾಟಕದ ಹಳ್ಳಿಗಳಲ್ಲಿ ಬೇರುಬಿಟ್ಟ ಮೇಲೆ ಅನೇಕ ಕಡೆ ಯುವಕರು ಈ ಚಾಕರಿಯನ್ನು ಬಿಟ್ಟರು. ಇದರ ಅರ್ಥವನ್ನು ನಾವು ಸರಿಯಾಗಿ ತಿಳಿಯಬೇಕು. ಆ ಹಳ್ಳಿಗಳಲ್ಲಿ ಪ್ರತಿಭಟನೆಯ ಮೊದಲನೆಯ ಸಂಗೀತವೆಂದರೆ ಮೌನ. ಜಾತ್ರೆಯ ದಿನ ಹಲಗಿ ಕೇಳಿಸದೆ ಹೋದುದೇ ಊರಿನ ಕಿವಿಗೆ ಬಿದ್ದ ದೊಡ್ಡ ಸದ್ದು.

ಅದೇ ಹಲಗಿ ಕೆಲ ಕಾಲದ ಮೇಲೆ ಮೆರವಣಿಗೆಯ ಮುಂದೆ ಬಂತು. ಇದು ಸುಲಭವಾಗಿ ಆದುದಲ್ಲ. ಅವಮಾನದ ಗುರುತನ್ನು ಮತ್ತೆ ಮುಟ್ಟಬಾರದೆಂದವರೂ ಇದ್ದರು, ಅದು ನಮ್ಮ ಕಲೆ, ನಾವೇಕೆ ನಾಚಬೇಕೆಂದವರೂ ಇದ್ದರು. ಎರಡು ಮಾತಿಗೂ ನ್ಯಾಯವಿದೆ. ದೇವದುರ್ಗದ ಕಡೆಯ ಒಬ್ಬ ಹಲಗಿಯವನೊಡನೆ ಈ ಚರ್ಚೆಯನ್ನು ಎತ್ತಿದ್ದೆ. ಆತ ನಕ್ಕು, 'ನಮ್ಮಪ್ಪ ಹಲಗಿ ಕೆಳಗಿಟ್ಟ, ನಾ ಮ್ಯಾಲೆತ್ತೀನ್ರಿ. ಎರಡೂ ಒಂದ ಕೆಲಸ ಅದಾವ' ಎಂದ. ತಂದೆ ಮಗನ ನಡುವೆ ವಿರೋಧವನ್ನು ಹುಡುಕಿದ್ದ ನನಗೆ ಅದಕ್ಕಿಂತ ಹೆಚ್ಚಿನದನ್ನು ಹೇಳಲು ಉಳಿಯಲಿಲ್ಲ. ಯಾರು ಬಡಿಸುತ್ತಾರೆ, ಯಾರ ಇಚ್ಛೆಗೆ ಬಡಿಯಲಾಗುತ್ತದೆ ಎಂಬುದು ವಾದ್ಯದ ಅರ್ಥವನ್ನು ಬದಲಿಸುತ್ತದೆ. ತೊಗಲೂ ಅದೇ, ಪೆಟ್ಟೂ ಅದೇ.

ಹಾಡು ರಾಜಕೀಯದ ವಿಷಯವಾದುದು ಈ ಭಾಗದವರಿಗೆ ಇನ್ನೊಂದು ದಾರಿಯಿಂದಲೂ ಗೊತ್ತು. ರಾಯಚೂರು ನಿಜಾಮರ ಹೈದರಾಬಾದ್ ಸಂಸ್ಥಾನಕ್ಕೆ ಸೇರಿತ್ತು. 1938ರಲ್ಲಿ ಉಸ್ಮಾನಿಯಾ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು ವಸತಿಗೃಹದಲ್ಲಿ 'ವಂದೇ ಮಾತರಂ' ಹಾಡುವುದನ್ನು ಅಧಿಕಾರಿಗಳು ತಡೆದರು. ವಿದ್ಯಾರ್ಥಿಗಳು ತರಗತಿಗಳನ್ನು ಬಿಟ್ಟರು, ನೂರಾರು ಜನ ವಿಶ್ವವಿದ್ಯಾಲಯದಿಂದ ಹೊರಬಿದ್ದರು, ಅನೇಕರು ನಾಗಪುರಕ್ಕೆ ಹೋಗಿ ಓದನ್ನು ಮುಂದುವರಿಸಿದರು. ಮುಂದೆ ಪ್ರಧಾನಿಯಾದ ಪಿ. ವಿ. ನರಸಿಂಹರಾಯರು ಅವರಲ್ಲಿ ಒಬ್ಬರು. ಆ ಹಾಡಿನಿಂದ ಸಂಸ್ಥಾನ ಉರುಳಲಿಲ್ಲ. ಭಾರತದ ಸೈನ್ಯ ಒಳಹೊಕ್ಕು ನಿಜಾಮರು ಶರಣಾದುದು 1948ರ ಸೆಪ್ಟೆಂಬರ್ 17ರಂದು. ನಡುವೆ ಹತ್ತು ವರ್ಷಗಳು ಸಂದುವು. ಆ ಹತ್ತು ವರ್ಷ ಜನ ಚದುರಿಹೋಗದಂತೆ ಕಾಯ್ದುದರಲ್ಲಿ ಹಾಡಿಗೂ ಒಂದು ಪಾಲಿದೆಯೆಂದರೆ ತಪ್ಪಾಗಲಾರದು. ಹಾಡಿನ ಸಾಮರ್ಥ್ಯವನ್ನು ಗೆಲುವಿನ ದಿನದಲ್ಲಿ ಹುಡುಕುವವರು ತಪ್ಪು ಜಾಗದಲ್ಲಿ ಹುಡುಕುತ್ತಾರೆ. ಅದನ್ನು ಹುಡುಕಬೇಕಾದುದು ನಡುವಿನ ವರ್ಷಗಳಲ್ಲಿ.

ಇದೇ ಸಂಸ್ಥಾನದ ತೆಲುಗು ಭಾಗದಲ್ಲಿ ರೈತರ ಸಶಸ್ತ್ರ ಹೋರಾಟ ನಡೆದಾಗ ಬುರ್ರಕಥೆಯಂಥ ಹಳೆಯ ಪ್ರಕಾರಗಳು ಹೊಸ ಕಥೆಗಳನ್ನು ಹೊತ್ತುವು. ಬಹು ಕಾಲದ ಮೇಲೆ, 1970ರ ದಶಕದಿಂದ, ಗದ್ದರ್ ಅವರು ಹೆಗಲ ಮೇಲೆ ಕಂಬಳಿ, ಕೈಯಲ್ಲಿ ಕೋಲು, ಕಾಲಲ್ಲಿ ಗೆಜ್ಜೆಯೊಡನೆ ಅದೇ ದಾರಿಯಲ್ಲಿ ನಡೆದರು. ಅವರು 2023ರ ಆಗಸ್ಟ್‌ನಲ್ಲಿ ತೀರಿಕೊಂಡರು. ಗಡಿಯ ರಾಯಚೂರಿನಲ್ಲಿ ತೆಲುಗು ತಿಳಿಯದವರು ಕಡಿಮೆ. ಅವರ ಹಾಡಿಗೆ ಇಲ್ಲಿ ಅನುವಾದ ಬೇಕಾಗಿರಲಿಲ್ಲ. ಕನ್ನಡದಲ್ಲಿ 1975ರಲ್ಲಿ ಸಿದ್ಧಲಿಂಗಯ್ಯನವರ 'ಹೊಲೆಮಾದಿಗರ ಹಾಡು' ಹೊರಬಂತು. ಅದೇ ವರ್ಷ ಬೆಂಗಳೂರಿನಲ್ಲಿ ಸಮುದಾಯ ತಂಡ ಹುಟ್ಟಿತು. 1979ರಲ್ಲಿ ಅದರ ಜಾಥಾ ಬೀದಿನಾಟಕ ಮತ್ತು ಹಾಡುಗಳೊಡನೆ ನಾಡನ್ನು ಸುತ್ತಿತು. ಬಂಡಾಯ ಸಾಹಿತ್ಯ ಸಂಘಟನೆ ಹುಟ್ಟಿದುದೂ 1979ರಲ್ಲಿಯೇ. ಇಷ್ಟು ಚರಿತ್ರೆ ಓದುಗರಿಗೆ ತಿಳಿದದ್ದೇ. ಈ ಹಾಡುಗಳು ರಾಯಚೂರಿಗೆ ಬಂದು ಏನಾದುವೆಂಬುದು ಅಷ್ಟಾಗಿ ಚರ್ಚೆಯಾಗಿಲ್ಲ.

ಎರಡು ಹಾಡುಗಳನ್ನು ತೆಗೆದುಕೊಳ್ಳೋಣ. 1947ರ ಸ್ವಾತಂತ್ರ್ಯದ ಲೆಕ್ಕ ಕೇಳುವ ಸಿದ್ಧಲಿಂಗಯ್ಯನವರ ಹಾಡು ಎಲ್ಲರಿಗೂ ಪರಿಚಿತ. ಬೆಂಗಳೂರಿನ ಸಭೆಯಲ್ಲಿ ಅದನ್ನು ಹಾಡಿದಾಗ ಪ್ರಶ್ನೆಯಲ್ಲಿ ವ್ಯಂಗ್ಯವಿದೆ: ಸ್ವಾತಂತ್ರ್ಯ ಬಂದುದು ನಿಜ, ಬಡವನ ಮನೆಗೆ ಬರಲಿಲ್ಲವೆಂಬುದು ಅದರ ಭಾವ. ರಾಯಚೂರಿನಲ್ಲಿ ಹಾಡಿದಾಗ ಆ ಪ್ರಶ್ನೆಗೆ ಇನ್ನೊಂದು ಅರ್ಥ ಹುಟ್ಟುತ್ತದೆ. 1947ರ ಆಗಸ್ಟ್ 15ರಂದು ಸ್ವಾತಂತ್ರ್ಯ ಇಲ್ಲಿಗೆ ಅಕ್ಷರಶಃ ಬಂದಿರಲೇ ಇಲ್ಲ. ಅದು ಬಂದುದು ಹದಿಮೂರು ತಿಂಗಳು ತಡವಾಗಿ. ಕವಿ ಉದ್ದೇಶಿಸದ ಈ ಅರ್ಥವನ್ನು ಸಭೆ ತಾನೇ ಸೇರಿಸುತ್ತದೆ. ಕೇವಲ ಘೋಷಣೆಯಾಗಿದ್ದರೆ ಅದಕ್ಕೆ ಇಂಥ ಎರಡನೆಯ ಅರ್ಥ ಹುಟ್ಟುತ್ತಿರಲಿಲ್ಲ. ಉತ್ತರವನ್ನು ಹೇಳಿಬಿಡದೆ ಪ್ರಶ್ನೆಯಾಗಿಯೇ ಉಳಿದದ್ದರಿಂದ ಊರೂರಿನವರು ತಮ್ಮ ಉತ್ತರವನ್ನು ಅದರಲ್ಲಿಡಲು ಸಾಧ್ಯವಾಯಿತು. ಧ್ವನಿಯಿಲ್ಲವೆಂದು ನಾವು ದೂರಿದ ಹಾಡಿನ ಧ್ವನಿ ಇರುವುದು ಇಲ್ಲಿ.

ಎರಡನೆಯದು ಚೆನ್ನಣ್ಣ ವಾಲೀಕಾರರದು. ಅಂಬೇಡ್ಕರರು ಹೋದ ಮೇಲೆ ತಮ್ಮ ಬಾಳು ಹಿಂದಿನಂತೆಯೇ ಆಯಿತೆಂದು ಅವರನ್ನೇ ಕರೆದು ಹೇಳಿಕೊಳ್ಳುವ ಹಾಡು. ಅದರ ಭಾಷೆ ಕಲಬುರಗಿ ಸೀಮೆಯ ಮಾತು; ರಾಯಚೂರಿನವರಿಗೆ ನೆರೆಮನೆಯ ನುಡಿ. ಅದರಲ್ಲಿ ಶತ್ರುವಿಗೆ ಬೆದರಿಕೆಯಿಲ್ಲ, ಗೆಲುವಿನ ಭರವಸೆಯೂ ಇಲ್ಲ. ಸತ್ತವರ ಮುಂದೆ ಕುಳಿತು ನಮ್ಮ ಹೆಂಗಸರು ಗುಣ ಹೇಳಿಕೊಂಡು ಅಳುತ್ತಾರಲ್ಲ, ಆ ಅಳುವಿನ ಕಟ್ಟನ್ನು ಕವಿ ಎತ್ತಿಕೊಂಡಿದ್ದಾರೆ. ಹೋರಾಟದ ಸಭೆಯಲ್ಲಿ ಅಳುವ ಹಾಡೇಕೆ ಬೇಕು? ಕೋಪವೇ ಚಳವಳಿಯ ಇಂಧನವೆಂದು ನಂಬಿದವರಿಗೆ ಇದು ಬಿಡಿಸಲಾರದ ಒಗಟು. ಕೋಪ ಒಂದು ದಿನದ್ದು. ಮರುದಿನ ಕೂಲಿಗೆ ಹೋಗಬೇಕು. ದುಃಖವನ್ನು ಕೂಡಿ ಹಾಡಿಕೊಂಡವರು ಮಾತ್ರ ಮತ್ತೊಂದು ದಿನ ಸಭೆಗೆ ಬರುತ್ತಾರೆ. ಹೋರಾಟದ ಒಳ್ಳೆಯ ಹಾಡು ಜನರಿಗೆ ಕೊಡುವುದು ಕೋಪಕ್ಕಿಂತ ಹೆಚ್ಚಾಗಿ ತಾಳ್ಮೆಯನ್ನು ಎಂದು ನನಗೆ ತೋರುತ್ತದೆ. ಸಹಿಸಿಕೊಂಡು ಸುಮ್ಮನಿರುವ ತಾಳ್ಮೆಯ ಮಾತನ್ನು ನಾನು ಹೇಳುತ್ತಿಲ್ಲ. ಬಿಟ್ಟುಹೋಗದೆ ಮತ್ತೆ ಬಂದು ಕೂಡುವ ತಾಳ್ಮೆ ಅದು.

ಈ ಹಾಡುಗಳಲ್ಲಿ ಅಂಕಿತವಿಲ್ಲವೆಂಬುದನ್ನೂ ಗಮನಿಸಬೇಕು. ಹಾಡುವವರಲ್ಲಿ ಎಷ್ಟೋ ಜನಕ್ಕೆ ಬರೆದವರ ಹೆಸರು ಗೊತ್ತಿಲ್ಲ; ಜನಪದವೆಂದೇ ತಿಳಿದಿರುತ್ತಾರೆ. ಕವಿಗೆ ಇದು ನಷ್ಟವೆಂದು ನಾವು ಮರುಗುವುದುಂಟು. ಅಮೆರಿಕದ ಕರಿಯರ ಚಳವಳಿಯ 'ವಿ ಶಲ್ ಓವರ್‌ಕಮ್' ಎಂಬ ಹಾಡಿನ ಕಥೆಯನ್ನು ಇಲ್ಲಿ ನೆನೆಯಬಹುದು. ಇಗರ್ಜಿಯಲ್ಲಿ ಹಾಡುತ್ತಿದ್ದಾಗ ಅದರಲ್ಲಿ 'ನಾನು' ಎಂದಿತ್ತು. 1945–46ರಲ್ಲಿ ಚಾರ್ಲ್ಸ್‌ಟನ್ನಿನ ತಂಬಾಕು ಕಾರ್ಖಾನೆಯ ಮುಷ್ಕರದಲ್ಲಿ ಕೆಲಸಗಾರ ಹೆಂಗಸರ ಬಾಯಲ್ಲಿ ಅದು 'ನಾವು' ಆಯಿತು. ಆ ಒಂದು ಮಾತು ಬದಲಾದ ಮೇಲೆ ಅದು ಸಮುದ್ರ ದಾಟಿ ನಮ್ಮ ಶಾಲೆಯ ಮಕ್ಕಳ ಬಾಯಿಗೂ ಕನ್ನಡವಾಗಿ ಬಂತು. ದಾಸರ 'ನಾನು' ದೇವರ ಎದುರು ನಿಂತು ಅಂಕಿತ ಹಾಕಿತು. ಹೋರಾಟದ 'ನಾವು' ಪಕ್ಕದವರ ಕಡೆ ತಿರುಗಿ ಅಂಕಿತವನ್ನು ಬಿಟ್ಟುಕೊಟ್ಟಿತು. ಒಂದನ್ನು ಹೊಗಳಲು ಇನ್ನೊಂದನ್ನು ತೆಗಳಬೇಕಾಗಿಲ್ಲ. ಎರಡೂ ಒಂದೇ ಸೀಮೆಯ ಕೊರಳಿನಲ್ಲಿವೆ.

ತಾಳ್ಮೆಯ ಮಾತಿಗೆ ಇತ್ತೀಚಿನ ನಿದರ್ಶನ ಒಳಮೀಸಲಾತಿಯ ಹೋರಾಟ. ಪರಿಶಿಷ್ಟ ಜಾತಿಗಳ ಪಾಲನ್ನು ಒಳಗೆ ನ್ಯಾಯವಾಗಿ ಹಂಚಬೇಕೆಂಬ ಮಾದಿಗ ಸಮುದಾಯದ ಬೇಡಿಕೆಯ ಮೇಲೆ 2005ರಲ್ಲಿ ನ್ಯಾಯಮೂರ್ತಿ ಎ. ಜೆ. ಸದಾಶಿವ ಆಯೋಗ ನೇಮಕವಾಯಿತು. 2012ರಲ್ಲಿ ವರದಿ ಬಂತು. ಅನಂತರ ವರ್ಷಗಳು ಕಳೆದುವು. 2024ರ ಆಗಸ್ಟ್ 1ರಂದು ಸುಪ್ರೀಂ ಕೋರ್ಟು ಇಂಥ ಹಂಚಿಕೆಗೆ ಅಡ್ಡಿಯಿಲ್ಲವೆಂದಿತು. ಇನ್ನೊಂದು ಆಯೋಗದ ವರದಿಯ ಮೇಲೆ, 2025ರ ಆಗಸ್ಟ್‌ನಲ್ಲಿ ರಾಜ್ಯದ ಸಚಿವ ಸಂಪುಟ ಶೇಕಡಾ 17ರ ಪಾಲನ್ನು 6, 6, 5 ಎಂದು ಹಂಚಲು ಒಪ್ಪಿತು. ಇದನ್ನು ಮಾಡಿದುದು ನ್ಯಾಯಾಲಯ, ಆಯೋಗ, ಸರ್ಕಾರ, ಹಾಡಲ್ಲ. ಆದರೆ ವರದಿ ಕಪಾಟಿನಲ್ಲಿದ್ದ ವರ್ಷಗಳಲ್ಲಿ ಬೇಡಿಕೆಯನ್ನು ಬೀದಿಯಲ್ಲಿ ಜೀವಂತವಾಗಿಟ್ಟವರು ಯಾರು? ರಾಯಚೂರು ಜಿಲ್ಲೆಯ ಸಭೆ, ಪಾದಯಾತ್ರೆ, ಧರಣಿಗಳಲ್ಲಿ ಕೂಡಿದವರು ಹಲಗಿಯನ್ನು ಕಾಯಿಸಿಕೊಂಡು ಬಂದು ಕೂಡಿದರು. ಆಯೋಗದ ವರದಿಯನ್ನು ಓದಲಾರದವನಿಗೆ ಅದರ ಅರ್ಥವನ್ನು ಮುಟ್ಟಿಸಿದುದು ಹಾಡು. ರಾಯಚೂರಿಗೆ ಏಮ್ಸ್ ಆಸ್ಪತ್ರೆ ಬೇಕೆಂದು 2022ರ ಮೇ ತಿಂಗಳಲ್ಲಿ ನಗರದಲ್ಲಿ ಆರಂಭವಾದ ಧರಣಿ ಸಾವಿರ ದಿನಗಳನ್ನು ದಾಟಿತು. ಸಾವಿರ ದಿನ ಕೂಡ್ರುವವರಿಗೆ ಭಾಷಣವೊಂದೇ ಸಾಲದೆಂಬುದು ಯಾರಿಗಾದರೂ ತಿಳಿಯುವ ಮಾತು.

ಇಷ್ಟು ಮೆಚ್ಚಿದ ಮೇಲೆ ಕೊರತೆಗಳನ್ನು ಹೇಳದೆ ಬಿಟ್ಟರೆ ಅದು ವಿಮರ್ಶೆಯಾಗುವುದಿಲ್ಲ. ಮೊದಲನೆಯದಾಗಿ, ಇಂದು ಕೇಳಿಬರುತ್ತಿರುವ ಹಾಡುಗಳಲ್ಲಿ ಮುಂದಾಳುಗಳ ಜೈಕಾರ ಹೆಚ್ಚುತ್ತಿದೆ. ಹಾಡಿನಲ್ಲಿ ಒಬ್ಬನ ಹೆಸರು ಬಂದಾಗ 'ನಾವು' ಹಿಂದೆ ಸರಿಯುತ್ತದೆ. ಎರಡನೆಯದಾಗಿ, ಸಿನಿಮಾದ ಧಾಟಿಯನ್ನು ಧ್ವನಿಮುದ್ರಿತ ಹಿಮ್ಮೇಳದೊಡನೆ ಹಾಕಿ, ಗಾಯಕನೊಬ್ಬ ಮೈಕಿನಲ್ಲಿ ಹಾಡುತ್ತಾನೆ. ಯಂತ್ರದ ಹಿಮ್ಮೇಳ ಸಭೆಗೆ ಕಾಯುವುದಿಲ್ಲ. ಪಲ್ಲವಿಯನ್ನು ಜನ ತಿರುಗಿ ಹೇಳಲು ಅದರಲ್ಲಿ ಎಡೆಯಿಲ್ಲ. ಹಾಡಬೇಕಾದವರು ಮೊಬೈಲು ಎತ್ತಿಹಿಡಿದು ನೋಡುವವರಾಗುತ್ತಾರೆ. ಧಾಟಿ ಸಿನಿಮಾದ್ದೆಂಬುದು ನನ್ನ ಆಕ್ಷೇಪವಲ್ಲ. ಧಾಟಿಯನ್ನು ಸಾಲ ತರದ ಹಾಡುಗಾರ ಯಾವ ಕಾಲದಲ್ಲಿಯೂ ಇರಲಿಲ್ಲ. ಸಭೆಯ ಬಾಯಿಯನ್ನು ಮುಚ್ಚಿಸುವ ಹಾಡು ಹೋರಾಟದ ಹಾಡಾಗದೆಂಬುದಷ್ಟೆ ನನ್ನ ಮಾತು.

ಮೂರನೆಯ ಕೊರತೆ ಇದಕ್ಕಿಂತ ಆಳವಾದದ್ದು. ತುಂಗಭದ್ರೆಯ ಎಡದಂಡೆಯ ಕಾಲುವೆ ಮಾನ್ವಿಯ ಮೇಲೆ ಹಾಯ್ದು ರಾಯಚೂರಿನತ್ತ ಬರುವಷ್ಟರಲ್ಲಿ ಅದರಲ್ಲಿ ನೀರೆಷ್ಟು ಉಳಿದಿರುತ್ತದೆಂಬುದು ಕೊನೆಯ ಭಾಗದ ರೈತನಿಗೆ ಗೊತ್ತು. ದೇವದುರ್ಗದ ಹಳ್ಳಿಗಳಿಂದ ಮನೆಗೆ ಬೀಗ ಹಾಕಿ ಬೆಂಗಳೂರು, ಹೈದರಾಬಾದು, ಪುಣೆಗಳಿಗೆ ಗುಳೆ ಹೋಗುವ ಕುಟುಂಬಗಳಿವೆ. ಮುದುಕರ ಕೈಯಲ್ಲಿ ಬಿಟ್ಟುಹೋದ ಮಕ್ಕಳಿದ್ದಾರೆ. ಕಳೆ ಕೀಳುವ, ಹತ್ತಿ ಬಿಡಿಸುವ, ಮೆಣಸಿನಕಾಯಿ ಹರಿಯುವ ಹೆಣ್ಣಿನ ಕೂಲಿಗೂ ಗಂಡಿನ ಕೂಲಿಗೂ ಇರುವ ಅಂತರವಿದೆ. ನಾನು ಕೇಳಿದ ಹಾಡುಗಳಲ್ಲಿ ಈ ವಿವರಗಳು ವಿರಳ. ಶೋಷಣೆ, ಕ್ರಾಂತಿ, ಸಮತೆ ಎಂಬ ದೊಡ್ಡ ಮಾತುಗಳು ದಕ್ಷಿಣದ ಪುಸ್ತಕಗಳಿಂದ ಬಂದು ಹಾಗೆಯೇ ನಿಂತಿವೆ. ವಾಲೀಕಾರರ ಹಾಡು ಉಳಿದುದಕ್ಕೆ ಅದು ಊರಿನ ಮಾತಿನಲ್ಲಿ ಊರಿನ ಅಳುವನ್ನು ಅತ್ತದ್ದೇ ಕಾರಣ. ಬೀಸುವ ಪದ, ಸೋಬಾನೆಗಳಲ್ಲಿ ಗಂಡನ ಮನೆಯ ಕಷ್ಟವನ್ನು ಗೋದಿಯ ಕಾಳಿನಷ್ಟು ಸ್ಪಷ್ಟವಾಗಿ ಹೇಳಬಲ್ಲ ಹೆಂಗಸರೇ ಹೋರಾಟದ ಹಾಡನ್ನು ಎತ್ತಿಕೊಡುತ್ತಾರೆ. ಕಟ್ಟುವ ಕೆಲಸ ಮಾತ್ರ ಇನ್ನೂ ಗಂಡಸರ ಕೈಯಲ್ಲಿ ಹೆಚ್ಚಾಗಿ ಉಳಿದಿದೆ.

ಕಡೆಯದಾಗಿ, ಮನ್ನಣೆ ತರುವ ಅಪಾಯ. ರಾಯಚೂರಿನಲ್ಲಿ ಪಂಡಿತ ಸಿದ್ಧರಾಮ ಜಂಬಲದಿನ್ನಿಯವರ ಹೆಸರಿನ ರಂಗಮಂದಿರವಿದೆ. ಈ ಜಿಲ್ಲೆಯವರೇ ಆದ ಆ ಹಿರಿಯರು ಶರಣರ ವಚನಗಳನ್ನು ಹಿಂದೂಸ್ತಾನಿ ರಾಗಗಳಲ್ಲಿ ಹಾಡಿ ಹೆಸರಾದವರು. ಅವರ ಗಾಯನದ ಘನತೆಗೆ ನಾನು ತಲೆಬಾಗುತ್ತೇನೆ. ಆದರೂ ಒಂದು ಮಾತು ಮನಸ್ಸಿನಲ್ಲಿ ಉಳಿಯುತ್ತದೆ. ಹನ್ನೆರಡನೆಯ ಶತಮಾನದಲ್ಲಿ ಜಾತಿಯ ಕಟ್ಟನ್ನು ಪ್ರಶ್ನಿಸಿದ ಮಾತುಗಳು ಇಂದು ಮೆತ್ತನೆಯ ಕುರ್ಚಿಗಳಲ್ಲಿ ಕುಳಿತ ನಮ್ಮ ಕಿವಿಗೆ ಇಂಪಾಗಿ ಬೀಳುತ್ತವೆ. ನಾವು ತಲೆದೂಗಿ, ಹೊರಗೆ ಬಂದು ಚಹಾ ಕುಡಿಯುತ್ತೇವೆ. ಹೋರಾಟದ ಹಾಡೂ ಈಗ ಅದೇ ಬಾಗಿಲಲ್ಲಿ ನಿಂತಿದೆ. ಸರ್ಕಾರದ ಉತ್ಸವದ ಮೆರವಣಿಗೆಯಲ್ಲಿ ಸಮವಸ್ತ್ರ ತೊಟ್ಟ ಹಲಗಿಯ ತಂಡ ಅಧಿಕಾರಿಗಳ ಮುಂದೆ ಬಡಿಯುತ್ತ ಹೋಗುವುದನ್ನು ನಾನು ನೋಡಿದ್ದೇನೆ. ಕಲಾವಿದನಿಗೆ ಸಂಭಾವನೆ ದೊರೆತುದು ಒಳ್ಳೆಯದು. ಬಿಟ್ಟಿಯ ಕಾಲ ಹೋಯಿತಲ್ಲ ಎಂದು ಸಂತೋಷಪಡಬೇಕು. ದೇವದುರ್ಗದವನ ತಂದೆ ಯಾರ ಮುಂದೆ ಬಡಿಯಲಾರೆನೆಂದು ಹಲಗಿಯನ್ನು ಕೆಳಗಿಟ್ಟನೋ ಅವರ ಮುಂದೆಯೇ ಅದು ಮತ್ತೆ ಹೋಗುತ್ತಿಲ್ಲವಷ್ಟೆ ಎಂಬ ಪ್ರಶ್ನೆಯನ್ನೂ ಕೇಳಿಕೊಳ್ಳಬೇಕು.

ಆದುದರಿಂದ ಹೋರಾಟದ ಹಾಡಿಗೆ ಬೇರೆಯ ಪರೀಕ್ಷೆಗಳು ಬೇಕು. ಗಾಯಕ ನಿಲ್ಲಿಸಿದ ಮೇಲೆ ಸಭೆ ಹಾಡೀತೆ? ಊರು ಬದಲಾದಾಗ ಹಾಡಿನಲ್ಲಿ ಆ ಊರಿಗೆ ಜಾಗವಿದೆಯೆ? ಸೋಲಿನ ಮರುದಿನವೂ ಅದನ್ನು ಹಾಡಲು ಸಾಧ್ಯವೆ? ಈ ಮೂರಕ್ಕೂ ಹೌದೆನ್ನಿಸಿಕೊಳ್ಳುವ ಹಾಡುಗಳು ನಮ್ಮಲ್ಲಿ ಹತ್ತೋ ಹದಿನೈದೋ ಇರಬಹುದು. ಅವು ಕನ್ನಡದ ಒಳ್ಳೆಯ ಕವಿತೆಗಳ ಸಾಲಿನಲ್ಲಿಯೇ ನಿಲ್ಲತಕ್ಕವು. ಉಳಿದುವನ್ನು ಕಾಲವೇ ನೋಡಿಕೊಳ್ಳುತ್ತದೆ.

ಮಾನ್ವಿಯ ಆ ಹೆಂಗಸರಿಗೆ ಅಂದು ಬಾಕಿ ಕೂಲಿ ಸಿಗಲಿಲ್ಲ. ಅಧಿಕಾರಿಗಳು ಮುಂದಿನ ವಾರವೆಂದರು. ಸಂಜೆ ಹೆಂಗಸರು ಊರಿನ ದಾರಿ ಹಿಡಿದರು. ನಾನು ಬಸ್ಸಿಗೆ ಕಾಯುತ್ತ ನಿಂತಿದ್ದೆ. ಅವರನ್ನು ತುಂಬಿಕೊಂಡ ಟಂಟಂ ಗಾಡಿಯೊಂದು ನನ್ನ ಮುಂದೆ ಹಾಯ್ದು ಹೋಯಿತು. ಒಳಗಿನಿಂದ ಪಲ್ಲವಿ ಕೇಳಿಸುತ್ತಿತ್ತು. ಹಲಗಿಯಿರಲಿಲ್ಲ, ಯಾರೋ ಗಾಡಿಯ ತಗಡನ್ನು ಬಡಿಯುತ್ತಿದ್ದರು.